ಹುರುಳಿ ಮೇಲೆ ಮುನ್ನೂರು ಕುದುರೆ

ನಮ್ಮೂರು ಗಂಡಸಿಗೆ ಆರು ಸಿಲಿಂಡರ್ ಹೊಸದೇನಲ್ಲ. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾದವರೂ ಬೆಂಜ್‌ನವರೂ ಕೂಡಿ ಲಾರಿ ಕಟ್ಟತೊಡಗಿದರಲ್ಲ, ಆ ವಂಶದ ಲಾರಿಗಳು ನಮ್ಮ ಕಡೆಯ ಕಾಯಿ, ಕೊಬ್ಬರಿ ಹೊತ್ತದ್ದಕ್ಕೆ ಲೆಕ್ಕವಿಲ್ಲ. ಅವುಗಳ ಹೊಟ್ಟೆಯಲ್ಲಿದ್ದದ್ದೂ ಆರೇ. ಆದರೆ ಕಾರಿಗೆ ಆರು ಎಂಬ ದರ್ಬಾರು ನಮ್ಮ ಬೀದಿಗೆ ಬಂದದ್ದು, ಭಾವಮೈದ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 530ಡಿ ತಂದು ಕಣದಲ್ಲಿ ನಿಲ್ಲಿಸಿದಾಗ.

ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಅದರ ಮುಚ್ಚಳದ ಮೇಲೆ ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದ. ಬೀಳಲಿಲ್ಲ. ಆರೂ ಒಂದೇ ಸಾಲಿನಲ್ಲಿದ್ದರೆ ಮುಂದಿನ ಮೂರರ ಕುಲುಕನ್ನು ಹಿಂದಿನ ಮೂರು ನುಂಗಿಬಿಡುತ್ತವಂತೆ. ಕೂಡುಕುಟುಂಬದಲ್ಲಿ ಇಂಥದ್ದನ್ನು ನಾನು ಕಂಡಿಲ್ಲ.

“258 ಎಚ್‌ಪಿ ಭಾವ. ಸಾಲ್ತಿಲ್ಲ” ಎಂದ.

ಎಚ್‌ಪಿ ಎಂದರೆ ನಮ್ಮೂರಲ್ಲಿ ಬೋರ್‌ವೆಲ್ ಮೋಟಾರಿನದು: ಐದು, ಏಳೂವರೆ, ಬಹಳ ಸಾಲ ಮಾಡಿದವರಿಗೆ ಹತ್ತು. ಪಕ್ಕದ ತೋಟದವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, “ಎಷ್ಟಿಂಚು ನೀರೆತ್ತದೆ?” ಎಂದು ವಿಚಾರಿಸಿದರು.

ಶಕ್ತಿ ಹೆಚ್ಚಿಸುವುದನ್ನು ನೋಡಲು ಗಂಡಸಿ ಹ್ಯಾಂಡ್‌ಪೋಸ್ಟಿನ ಲಾರಿ ಮೇಸ್ತ್ರಿ ಸ್ಪ್ಯಾನರ್ ಸಮೇತ ಬಂದಿದ್ದ. ಅವನ ಕಾಲದಲ್ಲಿ ಎಂಜಿನ್ನಿಗೆ ಕಸುವು ತುಂಬುವುದೆಂದರೆ ಹೆಡ್ ಇಳಿಸಿ ಸವೆಸಬೇಕು, ಬೋರ್ ಕೊರೆಸಬೇಕು, ದೊಡ್ಡ ಪಿಸ್ಟನ್ ಹಾಕಬೇಕು, ಮೈಯೆಲ್ಲ ಎಣ್ಣೆಯಾಗಬೇಕು. ಬೆಂಗಳೂರಿನಿಂದ ಬಂದ ಹುಡುಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸ್ಟೇರಿಂಗಿನ ಕೆಳಗಿನ ಕಿಂಡಿಗೆ ತಂತಿ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದ. ಟರ್ಬೊ ಇನ್ನಷ್ಟು ಗಾಳಿ ಊದಲಿ, ಇಂಜೆಕ್ಟರು ಇನ್ನಷ್ಟು ಡೀಸೆಲ್ ಸುರಿಯಲಿ ಎಂದು ಅಂಕಿ ತಿದ್ದಿದ. ಕಾಫಿ ಕುಡಿದ. 258 ಇದ್ದದ್ದು ಮುನ್ನೂರು ದಾಟಿತೆಂದ.

“ಒಂದ್ ನಟ್ಟೂ ಬಿಚ್ಚಲಿಲ್ವಲ್ಲ ಸಾ” ಎಂದು ಮೇಸ್ತ್ರಿ ಮುಖ ಸಪ್ಪಗೆ ಮಾಡಿಕೊಂಡ. ಅವನ ಟಾಟಾ 1210 ನೂರು ಚಿಲ್ಲರೆ ಎಚ್‌ಪಿಯಲ್ಲಿ ಟನ್ನುಗಟ್ಟಲೆ ಕೊಬ್ಬರಿ ಎಳೆದದ್ದು. ಇದು ಎಳೆಯಬೇಕಾದ್ದು ನನ್ನ ಭಾವಮೈದನನ್ನು ಮಾತ್ರ. ಅವನು ಅಷ್ಟೇನೂ ದಪ್ಪವಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟದ್ದನ್ನು ಹೀಗೆಲ್ಲ ಬದಲಿಸಲು ಬಿಡುವುದಿಲ್ಲ ಎಂದು ನೆನಪಿಸಿದೆ. “ಅದು ಎಂಜಿನ್ ಬದಲಿಸೋರಿಗೆ ಭಾವ. ನಾನು ಅದರ ಬುದ್ಧಿ ಮಾತ್ರ ಬದಲಿಸಿರೋದು” ಎಂದ. ಇವನಿಗೂ ಅದೇ ತಂತಿ ಸಿಕ್ಕಿಸಲು ಎಷ್ಟು ತಗೋತೀಯಪ್ಪ ಎಂದು ಅವನ ಅಕ್ಕ ಆ ಹುಡುಗನನ್ನು ಕೇಳಿದಳು.

ಪರೀಕ್ಷೆಗೆ ಅರಸೀಕೆರೆ ಕಡೆ ಹೊರಟೆವು. ವೇಗದ ವಿಷಯದಲ್ಲಿ ನಮ್ಮ ತಾಲ್ಲೂಕಿಗೂ ಮರ್ಯಾದೆಯಿದೆ. ಬೌಲರ್ ಶ್ರೀನಾಥರ ಹೆಸರಿನ ಹಿಂದಿರುವ ಜಾವಗಲ್ ನಮ್ಮದೇ. ಆದರೆ ಅವರ ರನ್‌ಅಪ್ಪಿನಲ್ಲಿ ಹಂಪುಗಳಿರಲಿಲ್ಲ. ಭಾವಮೈದ ಕಾಲೊತ್ತಿದ, ಬೆನ್ನು ಸೀಟಿಗೆ ಅಂಟಿತು, “ನೋಡಿದ್ರಾ ಭಾ—” ಎನ್ನುವಷ್ಟರಲ್ಲಿ ಹಂಪು. ಮುಂದೆ ದನ, ಅದರ ಮುಂದೆ ಶಾಲೆ, ಶಾಲೆಗೆ ಮತ್ತೊಂದು ಹಂಪು. ಮುನ್ನೂರು ಕುದುರೆಗಳಲ್ಲಿ ಇನ್ನೂರೈವತ್ತು ದಾರಿಯುದ್ದಕ್ಕೂ ರಜೆಯಲ್ಲೇ ಇದ್ದವು.

ಒಳದಾರಿಗೆ ತಿರುಗಿದರೆ ಟಾರಿನ ತುಂಬ ಹುರುಳಿ ಹರವಿದ್ದರು. ಸುಗ್ಗಿಯಲ್ಲಿ ರಸ್ತೆಯೇ ಕಣ, ಹೋಗುವ ಬರುವ ಗಾಡಿಗಳೇ ಎತ್ತು. ಒಣ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುವುದೂ ಉಂಟು. ಅದಕ್ಕೇ ಭಾವಮೈದ ಉಸಿರು ಬಿಗಿಹಿಡಿದು ಮೆಲ್ಲಗೆ ದಾಟಿಸಿದ. ಕುದುರೆಗಳು ಹುರುಳಿಯ ಮೇಲೆ ಇಷ್ಟು ಸಂಯಮದಿಂದ ನಡೆದದ್ದು ಚರಿತ್ರೆಯಲ್ಲೇ ಇರಲಾರದು.

ಕಡ್ಡಿ ಹಿಡಿದು ನಿಂತಿದ್ದ ಅಜ್ಜಿ ಗಾಜು ಬಡಿದರು. ಬೈಯುತ್ತಾರೆಂದುಕೊಂಡು ಇವನು ಗಾಜಿಳಿಸಿದ.

“ಹಂಗೇ ರಿವರ್ಸ್‌ನಾಗೆ ಇನ್ನೊಂದ್ಸಲ ಬಾ ಮಗ. ಲಾರಿಯಷ್ಟು ಭಾರ ಇಲ್ಲ, ಆದ್ರೂ ಪರ್ವಾಗಿಲ್ಲ.”

ಬಿಎಂಡಬ್ಲ್ಯುವಿಗೆ ಎಂಟು ಗೇರು ಮುಂದಕ್ಕೆ, ಒಂದೇ ಹಿಂದಕ್ಕೆ. ಅವತ್ತು ಸಂಜೆತನಕ ದುಡಿದದ್ದು ಆ ಒಂದು.