ಗೇಟು ಮಾಡಿಸಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗೃಹಪ್ರವೇಶದ ದಿನ ಗೊತ್ತಾಗಿ ಬಣ್ಣದ ಕೆಲಸ ಮುಗಿಯುತ್ತಾ ಬಂದ ಹಾಗೆ ನೀವು ಫ್ಯಾಬ್ರಿಕೇಶನ್ ಅಂಗಡಿಯ ಮೆಟ್ಟಿಲು ಹತ್ತುತ್ತೀರಿ. ಅಲ್ಲಿ ಮೊಬೈಲಿನಲ್ಲಿ ಬಳ್ಳಿ, ಸುರುಳಿ, ಈಟಿಯ ಮೊನೆ, ನವಿಲು ಎಲ್ಲವನ್ನೂ ತೋರಿಸುತ್ತಾರೆ. ‘ಹ್ಯಾಂಡ್ ಫೋರ್ಜ್ಡ್’ ಎನ್ನುತ್ತಾರೆ. ರೇಟು ಮಾತ್ರ ಕೇಜಿ ಲೆಕ್ಕ. ಕೈಯಲ್ಲಿ ಬಡಿದ ಕೆಲಸ ತಕ್ಕಡಿಗೆ ಸಿಗುವುದಿಲ್ಲ ಎಂದು ನಿಮಗೆ ತಿಳಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಸುರುಳಿ ಹೇಗಾಗುತ್ತದೆ ನೋಡಿ. ಸರಳಿನ ತುದಿಯನ್ನು ಕುಲುಮೆಯಲ್ಲಿ ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು, ತಿರುಗಿಸುತ್ತಾ ಬಡಿಯಬೇಕು. ಬಡಿದಷ್ಟೂ ಅದು ಸಣ್ಣದಾಗುತ್ತಾ ಉದ್ದಕ್ಕೆ ಹರಿಯುತ್ತದೆ. ಬಣ್ಣ ಕಪ್ಪಿಗೆ ತಿರುಗಿತೋ, ಮತ್ತೆ ಬೆಂಕಿಗೆ. ಮೊದಲು ತುದಿಯನ್ನು ಮಡಚಿ, ಆಮೇಲೆ ಸ್ವಲ್ಪಸ್ವಲ್ಪವೇ ಸುತ್ತಿಸುತ್ತಾ ಬರುತ್ತಾರೆ. ಹೀಗೆ ಆದ ಸುರುಳಿ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು, ಥೇಟ್ ಹೀರೆಬಳ್ಳಿಯ ಕುಡಿ. ಯಂತ್ರದಲ್ಲಿ ಬಗ್ಗಿಸಿದ್ದರ ದಪ್ಪ ಸಾಮಾನ್ಯವಾಗಿ ಬುಡದಿಂದ ಕೊನೆಯವರೆಗೂ ಒಂದೇ. ತುದಿಯಲ್ಲಿ ಗರಗಸದಿಂದ ಕತ್ತರಿಸಿದ ಚಪ್ಪಟೆ ಮುಖ ಕಾಣಿಸುತ್ತದೆ. ಬೆರಳಾಡಿಸಿದರೆ ಸಾಕು, ಯಾವುದು ಏನೆಂದು ಗೊತ್ತಾಗುತ್ತದೆ.

ಈಗ ಸುತ್ತಿಗೆಯ ಗುರುತನ್ನೂ ಯಂತ್ರವೇ ಒತ್ತಿ ಕೊಡುತ್ತಿದೆ. ಸರಳಿನ ಉದ್ದಕ್ಕೂ ಒಂದೇ ಅಂತರ, ಒಂದೇ ಆಳದ ಗುಳಿಗಳು. ನುರಿತ ಕಮ್ಮಾರನಾದರೆ ಕೊನೆಯ ಹಗುರ ಏಟುಗಳಲ್ಲಿ ಮೊದಲಿನ ಏಟಿನ ಗುರುತುಗಳನ್ನು ಸಮ ಮಾಡುತ್ತಾನೆ. ಅವನು ಅಳಿಸುವುದನ್ನೇ ಇವರು ಅಚ್ಚು ಹಾಕಿ ಮಾರುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಎರಕದ ಬಗ್ಗೆ ನನ್ನ ತಕರಾರಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದವು. ಲಾಲ್‌ಬಾಗಿನ ಗಾಜಿನ ಮನೆಯದೂ ಎರಕದ ಕಬ್ಬಿಣವೇ. ಎರಡೂ ಚೆಂದ, ಎರಡೂ ತಾವು ಎರಕವೆಂದು ಮುಚ್ಚಿಡುವುದಿಲ್ಲ. ಎರಕದ ಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚಿರುವುದರಿಂದ ಅದನ್ನು ಬಡಿದರೆ ಬಗ್ಗದೆ ಒಡೆಯುತ್ತದೆ. ಅದರ ದಾರಿಯೇ ಬೇರೆ.

ಬಡಿದ ಕಬ್ಬಿಣ ಎಷ್ಟೆತ್ತರಕ್ಕೆ ಹೋಗಬಲ್ಲದೆಂದು ನೋಡಬೇಕಾದರೆ ಫ್ರಾನ್ಸಿನ ನ್ಯಾನ್ಸಿ ಪಟ್ಟಣದ ಸ್ಟಾನಿಸ್ಲಾಸ್ ಚೌಕವಿದೆ. 1750ರ ದಶಕದಲ್ಲಿ ಝ್ಯಾಂ ಲಾಮೂರ್ ಎಂಬ ಕುಶಲಕರ್ಮಿ ಅದರ ಮೂಲೆಗಳಿಗೆ ಮಾಡಿಕೊಟ್ಟ, ಚಿನ್ನದ ಲೇಪದ ಕಬ್ಬಿಣದ ಜಾಲರಿಗಳು ಇಂದಿಗೂ ನಿಂತಿವೆ. ಆ ಚೌಕ 1983ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ರಾಜರ ಕಾಲದ ಮಾತು ಎನ್ನುತ್ತೀರಾದರೆ ಅಮೆರಿಕಕ್ಕೆ ಬನ್ನಿ. ಪೂರ್ವ ಯುರೋಪಿನಿಂದ ವಲಸೆ ಹೋದ ಸ್ಯಾಮ್ಯುಯೆಲ್ ಯೆಲಿನ್ ಫಿಲಡೆಲ್ಫಿಯಾದಲ್ಲಿ ಕುಲುಮೆ ಹೂಡಿ, 1920ರ ದಶಕದಲ್ಲಿ 200ಕ್ಕೂ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿದ್ದರು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಕಿಟಕಿ ಸರಳು, ಬಾಗಿಲು, ದೀಪಗಳಿಗೆಂದು ಅವರ ಕುಲುಮೆಯಿಂದ ಹೋದದ್ದು ಸುಮಾರು 200 ಟನ್. ಕಾರ್ಖಾನೆಗಳು ಭರದಿಂದ ಓಡುತ್ತಿದ್ದ ದೇಶದಲ್ಲಿ, ದುಡ್ಡಿನ ಲೆಕ್ಕ ಚೆನ್ನಾಗಿ ಬಲ್ಲ ಬ್ಯಾಂಕೇ ಈ ಕೆಲಸ ಮಾಡಿಸಿತು. ಹಣ ಕೊಡುವವರು ಬೇಕೆಂದರೆ ಕೈಗಳು ಸಿಗುತ್ತವೆ.

ನಮ್ಮಲ್ಲಿ ಆ ಕೈಗಳೆಲ್ಲಿ ಎಂದು ಕೇಳಬೇಡಿ. ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತ ಕಬ್ಬಿಣದ ಕಂಬ ಬಡಿದು ಮಾಡಿದ್ದು. ಅಷ್ಟು ದೂರವೂ ಬೇಡ. ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕಬಲ್ಲ ಕಮ್ಮಾರರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕಾದು ಹಿಗ್ಗಿದ ಪಟ್ಟಿಯನ್ನು ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಬಿಗಿಯುತ್ತದೆ. ಒಳ್ಳೆಯ ಜಾಲರಿಯಲ್ಲಿ ಎರಡು ಸುರುಳಿಗಳನ್ನು ವೆಲ್ಡಿಂಗ್ ಇಲ್ಲದೆ ಹಿಡಿದಿಡುವ ಪುಟ್ಟ ಪಟ್ಟಿಯ ಗುಟ್ಟೂ ಇದೇ. ಬಿಸಿಯಿದ್ದಾಗ ಸುತ್ತಿ ಬಡಿದದ್ದು ತಣ್ಣಗಾಗುತ್ತಾ ತಾನೇ ಬಿಗಿಯುತ್ತದೆ. ಕುಡುಗೋಲು, ಮಚ್ಚು, ನೇಗಿಲ ಕುಳ ತಟ್ಟುತ್ತಾ ಕೂತ ಮನುಷ್ಯನಿಗೆ ನಾವು ಚೆಂದದ ಕೆಲಸ ಕೊಡಲಿಲ್ಲ, ಅಷ್ಟೇ.

ಹಳೆಯ ಬಗೆಯ ಮೆದು ಕಬ್ಬಿಣ ಈಗ ಸಿಗದು ಎಂದು ಯಾರಾದರೂ ಹೇಳಿಯಾರು. ಅದನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಕೊನೆಯ ಕಾರ್ಖಾನೆ 1973ರಲ್ಲಿ ಮುಚ್ಚಿದ್ದು ನಿಜ. ಈಗ ಬಡಿಯುವುದು ಹೆಚ್ಚಾಗಿ ಮೈಲ್ಡ್ ಸ್ಟೀಲನ್ನು. ಆದರೂ ಅದು ಸುತ್ತಿಗೆಗೆ ಒಗ್ಗುತ್ತದೆ.

ಇಡೀ ಗೇಟು ಬೇಡ, ಅದು ದುಬಾರಿ, ನನಗೆ ಗೊತ್ತು. ಗೇಟನ್ನು ಅಂಗಡಿಯಲ್ಲೇ ಮಾಡಿಸಿ. ಒಂದು ಚಿಲಕವನ್ನೋ, ದೇವರ ಕೋಣೆಯ ಕಿಟಕಿಗೆ ಒಂದು ಜಾಲರಿಯನ್ನೋ ಕುಲುಮೆಯಲ್ಲಿ ಮಾಡಿಸಿ. ತೂಕದ ಮಾತೆತ್ತದೆ ದಿನಗೂಲಿಯನ್ನು ಮೊದಲೇ ಮಾತಾಡಿ, ಇದ್ದಲಿನ ಖರ್ಚು ಬೇರೆ ಕೊಡಿ. ಫೋಟೋ ತೋರಿಸಿದರೆ ಸಾಲದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೇ ಚಿತ್ರ ಬರೆದು ಕೊಡಿ, ಕಾದ ಸರಳನ್ನು ಅದರ ಮೇಲೇ ಹಿಡಿದು ಅವರು ಬಾಗು ಸರಿನೋಡುತ್ತಾರೆ. ಚಿಲಕವಾದರೆ ಬಾಗಿಲಿನ ಹಲಗೆ ಎಷ್ಟು ದಪ್ಪವೆಂದು ಮರೆಯದೆ ಹೇಳಿ.

ಇಂತಿ,
ನಿಮ್ಮ ವಿಶ್ವಾಸಿ