ಕೊಳಗ ದೊಡ್ಡದಾದರೆ ಮನಸ್ಸು ದೊಡ್ಡದು ಮಾಡಿಕೊಳ್ಳಿ

ಸಾಗರ, ಹೊಸನಗರ, ತೀರ್ಥಹಳ್ಳಿ. ಈ ಮೂರು ತಾಲ್ಲೂಕುಗಳಲ್ಲಿ ಮಳೆ ನಿಂತ ಮೇಲೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು, ಅಡಿಕೆ ಕೊಯ್ಲು. ಇನ್ನೊಂದು, ನೈತಿಕ ಮೌಲ್ಯಗಳ ಅಧಃಪತನ ಕುರಿತ ಉಪನ್ಯಾಸ.

ಕೊಯ್ಲಿಗೆ ಕೊನೆಗಾರರು ಸಿಗುವುದಿಲ್ಲ. ಉಪನ್ಯಾಸಕ್ಕೆ ಆ ತೊಂದರೆ ಇಲ್ಲ. ಕರೆಯುವ ಮೊದಲೇ ಬಂದಿರುತ್ತಾರೆ.

ಹೆಸರು ವ್ಯಕ್ತಿತ್ವ ವಿಕಸನ ಶಿಬಿರ. ಸ್ವಯಂ ಶಿಸ್ತು, ಸಕಾರಾತ್ಮಕ ಚಿಂತನೆ, ನೈತಿಕ ಮೌಲ್ಯ, ಮೂರೂ ಒಂದೇ ಬ್ಯಾನರಿನಲ್ಲಿ. ವೇದಿಕೆ ತುಂಬ ಕುರ್ಚಿ, ಕುರ್ಚಿ ತುಂಬ ಗಣ್ಯರು. ಕೆಳಗೆ ಜಮಖಾನದ ಮೇಲೆ ಹೈಸ್ಕೂಲು ಮಕ್ಕಳು.

ಮಕ್ಕಳನ್ನು ಹತ್ತು ಗಂಟೆಗೆ ಕೂರಿಸಿದ್ದರು. ಸಮಯಪಾಲನೆಯ ಮಹತ್ವ ಹೇಳಬೇಕಾದ ಸಂಪನ್ಮೂಲ ವ್ಯಕ್ತಿ ಹನ್ನೆರಡರ ಹೊತ್ತಿಗೆ ಬಂದರು. ಬಂದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಅಧ್ಯಕ್ಷರಿಗೆ ಶಾಲು. ಆಮೇಲೆ ದಾನಿಗಳಿಗೆ ಶಾಲು. ದುಂದುವೆಚ್ಚ ಬೇಡ, ಸರಳವಾಗಿ ಬದುಕಿ ಎಂಬ ಮಾತು ಬರುವಷ್ಟರಲ್ಲಿ ಶಾಲು ಖಾಲಿಯಾಗಿತ್ತು.

ಮೊಬೈಲು ಮಕ್ಕಳನ್ನು ಹಾಳು ಮಾಡಿದೆ ಎಂದರು. ಆ ಮಾತು ಫೇಸ್‌ಬುಕ್‌ನಲ್ಲಿ ಲೈವ್ ಹೋಗುತ್ತಿದೆಯೋ ಇಲ್ಲವೋ ಎಂದು ನಡುವೆ ಎರಡು ಸಲ ಶಿಷ್ಯನ ಕಡೆ ನೋಡಿದರು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದರು. ಗಣ್ಯರು ತಲೆಯಾಡಿಸಿದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಬೇಗ ಮುಗಿಸ್ತೀರಾ? ಮಧ್ಯಾಹ್ನದ ಬಸ್ಸು ತಪ್ಪಿದ್ರೆ ಸಂಜೆವರೆಗೂ ಬೇರೆ ಬಸ್ಸಿಲ್ಲ. ಕಾಡು ದಾರೀಲಿ ನಡ್ಕೊಂಡೇ ಹೋಗ್ಬೇಕು."

ಹೆಡ್‌ಮಾಸ್ಟರು ಕಣ್ಣು ಬಿಟ್ಟರು. ಸಂಪನ್ಮೂಲ ವ್ಯಕ್ತಿ ಮಾತ್ರ ನಕ್ಕರು. ಉದಾಹರಣೆ ತಾನಾಗಿ ಬಂದು ಕೈಗೆ ಬಿದ್ದಿತ್ತು. "ನೋಡಿ, ಇದೇ ನೆಗೆಟಿವ್ ಥಿಂಕಿಂಗ್! ನಡಿಗೆ ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಗೊತ್ತಾ? ಎಲ್ಲರೂ ಜೋರಾಗಿ ಒಂದು ಚಪ್ಪಾಳೆ."

ಚಪ್ಪಾಳೆ ಬಿತ್ತು. ಹುಡುಗಿ ಕೂತಳು. ಅವರು ಭಾಷಣ ಮುಗಿಸಿ ಊಟ ಮಾಡಿ ಕಾರು ಹತ್ತಿದರು. ಆರೋಗ್ಯದ ಬಗ್ಗೆ ಅವರಿಗೆ ಅಷ್ಟೇನೂ ಕಾಳಜಿ ಇದ್ದಂತೆ ಕಾಣಲಿಲ್ಲ.

ಸಕಾರಾತ್ಮಕ ಚಿಂತನೆ ಎಂದರೆ ಇಷ್ಟೇ. ಬಸ್ಸು ಯಾಕಿಲ್ಲ ಎಂದು ಕೇಳಬಾರದು. ನಡೆಯಬೇಕು. ನಗುತ್ತ ನಡೆಯಬೇಕು.

ಪುಣ್ಯಕ್ಕೆ ಈ ಮಹಾಶಯರು 1951ರಲ್ಲಿ ಕಾಗೋಡಿಗೆ ಬರಲಿಲ್ಲ.

ಸಾಗರ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಆಗ ಗೇಣಿ ಭತ್ತ ಅಳೆಯುತ್ತಿದ್ದುದು ಒಡೆಯರ ಅಂಗಳದಲ್ಲಿ, ಒಡೆಯರ ಕೊಳಗದಲ್ಲಿ. ಆ ಕೊಳಗ ಇರಬೇಕಾದ ಅಳತೆಗಿಂತ ದೊಡ್ಡದಾಗಿತ್ತು. ಒಕ್ಕಲು ವರ್ಷವಿಡೀ ಗೇಯ್ದು ತಂದು ಸುರಿದಷ್ಟೂ ಅದು ನುಂಗುತ್ತಿತ್ತು. ಅಳೆಯುವವನೂ ಒಡೆಯ, ಅಳತೆಯೂ ಒಡೆಯನದು, ನ್ಯಾಯವೂ ಒಡೆಯನದು. ಎಂಥ ಶಿಸ್ತು!

ನಮ್ಮ ತರಬೇತುದಾರರು ಅಲ್ಲಿದ್ದಿದ್ದರೆ ಒಕ್ಕಲುಗಳನ್ನೆಲ್ಲ ಒಂದು ಮರದ ಕೆಳಗೆ ಕೂರಿಸಿ ಹೇಳುತ್ತಿದ್ದರು: ಕೊಳಗ ದೊಡ್ಡದಿದೆ ಎಂದು ಕೊರಗಬೇಡಿ, ನಿಮ್ಮ ಮನಸ್ಸು ದೊಡ್ಡದು ಮಾಡಿಕೊಳ್ಳಿ. ಎಲ್ಲರೂ ಜೋರಾಗಿ ಒಂದು ಚಪ್ಪಾಳೆ.

ಒಕ್ಕಲುಗಳಿಗೆ ಅಂಥ ಭಾಗ್ಯ ಇರಲಿಲ್ಲ. ಅವರಿಗೆ ಸಿಕ್ಕಿದವರು ರೈತ ನಾಯಕ ಎಚ್. ಗಣಪತಿಯಪ್ಪ. ಕೊಳಗ ದೊಡ್ಡದಿದೆ ಎಂದು ನೇರವಾಗಿ ಹೇಳಿದರು. ಶುದ್ಧ ನಕಾರಾತ್ಮಕ ಮಾತು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಒಡೆಯರು ಬಿಡಿಸಿದ ಗದ್ದೆಗೆ ಒಕ್ಕಲುಗಳು ನೇಗಿಲು ಹಿಡಿದು ಇಳಿದರು, ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಈ ರಾಜ್ಯದಲ್ಲಿ ಕಾನೂನಾಗಿ ಕಾಲೂರಲು 1974 ಬರಬೇಕಾಯಿತು. ಆ ದಾರಿಯ ಮೊದಲ ಹೆಜ್ಜೆಗಳಲ್ಲೊಂದು ಕಾಗೋಡಿನ ಗದ್ದೆಯಲ್ಲಿ ಬಿದ್ದಿದ್ದು.

ಅಲ್ಲಿ ಯಾರೂ ಮೌಲ್ಯದ ಬಗ್ಗೆ ಉಪನ್ಯಾಸ ಕೊಡಲಿಲ್ಲ. ಕೊಳಗದ ಬಗ್ಗೆ ಜಗಳ ಮಾಡಿದರು.

ಮರುವರ್ಷವೇ ಚುನಾವಣೆ. ಆರಗದ ಶಾಂತವೇರಿ ಗೋಪಾಲಗೌಡ, ಇನ್ನೂ ಮೂವತ್ತು ತುಂಬದ ಸಮಾಜವಾದಿ, ಸಾಗರ-ಹೊಸನಗರ ಕ್ಷೇತ್ರದಿಂದ ನಿಂತರು. ಕೈಯಲ್ಲಿ ಕಾಸಿರಲಿಲ್ಲ. ಜನ ದುಡ್ಡು ಕೊಟ್ಟರು, ಓಟೂ ಕೊಟ್ಟರು. ಗೆದ್ದರು.

ಗಮನಿಸಿ: ದುಡ್ಡು ಹೋದದ್ದು ಮತದಾರನ ಜೇಬಿನಿಂದ ಅಭ್ಯರ್ಥಿಯ ಕಡೆಗೆ. ಇವತ್ತಿನ ಮಕ್ಕಳಿಗೆ ಇದನ್ನು ಹೇಳಿದರೆ ನಾವು ಉಲ್ಟಾ ಓದುತ್ತಿದ್ದೇವೆ ಎಂದುಕೊಳ್ಳುತ್ತಾರೆ.

ಈಗ ಗೋಪಾಲಗೌಡರ ಹೆಸರು ಹೇಳದ ಪಕ್ಷವಿಲ್ಲ. ಜಯಂತಿ, ಪುಣ್ಯತಿಥಿ ತಪ್ಪುವುದಿಲ್ಲ. ಫೋಟೋಕ್ಕೆ ಹಾರ ಹಾಕಿ, ಅವರ ಆದರ್ಶ ಇಂದಿನ ಯುವಕರಿಗೆ ದಾರಿದೀಪ ಎಂದು ಹೇಳಿ, ದೀಪ ಆರಿಸಿ ಹೊರಡುತ್ತಾರೆ. ಆದರ್ಶ ಯಾವಾಗಲೂ ಯುವಕರಿಗೇ. ಹೇಳುವವರಿಗೆ ವಯಸ್ಸಾಗಿದೆ, ರಿಯಾಯಿತಿ ಇದೆ.

ಭಾಷಣಕಾರರಿಗೆ ಇನ್ನೊಬ್ಬ ಪ್ರೀತಿಪಾತ್ರ ಇದ್ದಾನೆ, ಶಿವಪ್ಪ ನಾಯಕ. ಕೆಳದಿ ಸಂಸ್ಥಾನವನ್ನು ಬಿದನೂರಿನಿಂದ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ ಆಳಿದವ. ಎದೆಯುಬ್ಬಿಸಿ ಅವನ ಹೆಸರು ಹೇಳುತ್ತಾರೆ. ಅವನು ಮಾಡಿದ್ದೇನೆಂದು ಹೇಳುವುದಿಲ್ಲ. ಅವನು ನೆಲ ಅಳೆಸಿದ. ಮಣ್ಣಿನ ಗುಣ ನೋಡಿಸಿದ. ಇಳುವರಿ ಲೆಕ್ಕ ಹಾಕಿಸಿ ಕಂದಾಯ ಕಟ್ಟಿದ.

ಇವತ್ತು ಅವನು ಸರಪಳಿ ಹಿಡಿದು ಈ ಮೂರು ತಾಲ್ಲೂಕುಗಳಿಗೆ ಬಂದರೆ ವೇದಿಕೆಯ ಅರ್ಧ ಕುರ್ಚಿ ಖಾಲಿಯಾಗುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಬೆಟ್ಟದಲ್ಲಿ ಸೊಪ್ಪಿಲ್ಲ, ಬೆಟ್ಟವೂ ಇಲ್ಲ, ಹೊಸ ತೋಟವಿದೆ. ಕಾನುಕಾಡು ಇದ್ದಲ್ಲಿ ಬೇಲಿ ಇದೆ. ಎರಡು ಎಕರೆ ಇಲ್ಲದವನು ಹೊಟ್ಟೆಪಾಡಿಗೆ ನಾಲ್ಕು ಗುಂಟೆ ಒತ್ತಿದರೆ ಅವನಿಗೆ ನೋಟಿಸು, ಕೇಸು, ಬೆಂಗಳೂರಿನವರೆಗೂ ಅಲೆದಾಟ. ಇಪ್ಪತ್ತು ಎಕರೆ ಒತ್ತಿದವರಿಗೆ ಪರಿಸರ ದಿನಾಚರಣೆಯ ಅಧ್ಯಕ್ಷತೆ. ಗಿಡ ನೆಡುವ ಫೋಟೋ ಮರುದಿನ ಪೇಪರಿನಲ್ಲಿ.

ಇನ್ನು ಅಡಿಕೆ. ನನ್ನ ಮನೆಯ ಅನ್ನವೂ ಅದೇ, ಆದ್ದರಿಂದ ನಾಜೂಕು ಬೇಡ.

ರಾಶಿ ಇಡಿ ಎಂದು ತೂಕಕ್ಕಿಟ್ಟ ಚೀಲದಲ್ಲಿ ಮೇಲೆ ರಾಶಿ ಇಡಿಯೇ ಇರುತ್ತದೆ. ಕೈ ಒಳಗೆ ಇಳಿಸಿದರೆ ಕೀಳು ದರ್ಜೆಯ ಗೊರಬಲು. ಅದಕ್ಕೆ ಪಾಲಿಶ್, ಮೇಲೊಂದಿಷ್ಟು ಬಣ್ಣ. ಹಿಂದೆ ಚೊಗರು ಕುದಿಸಿ ಹಚ್ಚುತ್ತಿದ್ದರು, ಈಗ ಪುಡಿ ಸಿಗುತ್ತದೆ. ದಯವಿಟ್ಟು ಕಲಬೆರಕೆ ಮಾಡಬೇಡಿ, ಮಲೆನಾಡಿನ ಅಡಿಕೆಯ ಹೆಸರು ಹೋಗುತ್ತಿದೆ ಎಂದು ಸಹಕಾರ ಸಂಘಗಳೇ ಬೆಳೆಗಾರರಿಗೆ ಕೈ ಮುಗಿಯುವ ಹೊತ್ತು ಬಂದಿದೆ. ಮಂಡಿಯವರು ಮಾಡಿದರು ಎಂದು ಬೆಳೆಗಾರ. ಬೆಳೆಗಾರರೇ ಮಾಡಿ ತರುತ್ತಾರೆ ಎಂದು ಮಂಡಿಯವರು. ಬಣ್ಣ ತಾನಾಗಿಯೇ ಬಂದು ಹತ್ತಿಕೊಂಡಿರಬೇಕು.

ಕೊಳಗದಲ್ಲಿ ಮೋಸ ಹೋದವರ ಮೊಮ್ಮಕ್ಕಳು, ಕೊಳಗದಲ್ಲಿ ಮೋಸ ಮಾಡಿದವರ ಮೊಮ್ಮಕ್ಕಳು, ಇಬ್ಬರೂ ಈಗ ಒಂದೇ ಸಾಲಿನಲ್ಲಿ ಚೀಲ ಇಟ್ಟುಕೊಂಡು ನಿಂತಿದ್ದಾರೆ. ಸಮಾನತೆ ಬಂತು. ಹೀಗೆ ಬರುತ್ತದೆಂದು ಲೋಹಿಯಾ ಅಂದುಕೊಂಡಿರಲಿಕ್ಕಿಲ್ಲ.

ಆ ಚೀಲ ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತಿಲ್ಲ? ದೊಡ್ಡ ಪಾಲು ಉತ್ತರದ ಪಾನ್ ಮಸಾಲೆ, ಗುಟ್ಕಾ ಕಾರ್ಖಾನೆಗಳಿಗೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಕಂಪನಿಗಳು ಮಸಾಲೆ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಮಾಡಿ ಮಾರಿದವು. ಬೆರೆಸುವ ಕೆಲಸ ಗ್ರಾಹಕನಿಗೆ ಬಿಟ್ಟವು. ಕಾನೂನಿಗೆ ಸಮಾಧಾನವಾಯಿತು. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಹೇಳಿತು. ನಮ್ಮಲ್ಲಿ ಅದನ್ನು ಓದಿದವರು ಕಡಿಮೆ, ಖಂಡಿಸಿದವರು ಎಲ್ಲರೂ.

ಇದರ ನಡುವೆಯೇ ಶಿಬಿರದಲ್ಲಿ ದುಶ್ಚಟಗಳಿಂದ ದೂರವಿರಿ ಎಂದು ಮಕ್ಕಳಿಗೆ ಪ್ರತಿಜ್ಞೆ ಬೋಧನೆ. ಪ್ರಾಯೋಜಕರು ಯಾರೆಂದು ನೋಡಿದೆ. ಅಡಿಕೆ ಮಂಡಿ. ಬಿಹಾರದ ಹುಡುಗ ಗುಟ್ಕಾ ತಿನ್ನಬೇಕು, ಆ ದುಡ್ಡಿನಲ್ಲಿ ನಮ್ಮ ಹುಡುಗ ಗುಟ್ಕಾ ತಿನ್ನಬಾರದೆಂಬ ಭಾಷಣ ಕೇಳಬೇಕು. ಇದಕ್ಕಿಂತ ಸಕಾರಾತ್ಮಕವಾಗಿ ಯೋಚಿಸಲು ಯಾರಿಂದ ಸಾಧ್ಯ?

ಪಾಪಪ್ರಜ್ಞೆ ಕಾಡುವ ಭಯವೂ ಇಲ್ಲ, ತೀರ್ಥಹಳ್ಳಿ ಹತ್ತಿರದಲ್ಲೇ ಇದೆ. ಪರಶುರಾಮ ಹೆತ್ತ ತಾಯಿಯ ತಲೆ ಕಡಿದ ಕೊಡಲಿಯನ್ನು ಎಲ್ಲಿ ತೊಳೆದರೂ ಎಳ್ಳಿನಷ್ಟು ರಕ್ತದ ಕಲೆ ಉಳಿದಿತ್ತಂತೆ. ಇಲ್ಲಿ ತುಂಗೆಯಲ್ಲಿ ಅದ್ದಿದಾಗ ಅದೂ ಹೋಯಿತಂತೆ. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಜನ ಮುಳುಗು ಹಾಕುತ್ತಾರೆ. ಮಾತೃಹತ್ಯೆಯೇ ತೊಳೆದುಹೋದ ನೀರಿನಲ್ಲಿ ಅಡಿಕೆಗೆ ಹಚ್ಚಿದ ಬಣ್ಣ ನಿಲ್ಲುತ್ತದೆಯೇ? ಆದರೆ ತುಂಗೆಯ ಮರಳು ರಾತ್ರೋರಾತ್ರಿ ಲಾರಿ ಹತ್ತುತ್ತಿದೆ. ತೊಳೆಯುವ ಹೊಳೆಯನ್ನೇ ಹೊತ್ತುಕೊಂಡು ಹೋದರೆ ಆ ಪಾಪ ತೊಳೆಯಲು ಎಲ್ಲಿಗೆ ಹೋಗುವುದೋ ತಿಳಿಯದು.

ಸ್ವಯಂ ಶಿಸ್ತಿನ ನಿಜವಾದ ಅಳತೆ ಬೇಕೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಶೇ 73.40ಕ್ಕೆ ಇಳಿಯಿತು. ಒಂದು ಕ್ಯಾಮೆರಾಕ್ಕೆ ಹತ್ತು ಪರ್ಸೆಂಟ್.

ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ನಕಲು ನಿಂತಿತು ಎಂದು ಕ್ಯಾಮೆರಾ ಹೇಳಿತು. ಪರವಾಗಿಲ್ಲ, ಪಾಸಾಗಿದ್ದೀರಿ ಎಂದು ಸರ್ಕಾರ ಹೇಳಿತು. ಸರ್ಕಾರಕ್ಕೂ ಯಾರೋ ಸಕಾರಾತ್ಮಕ ಚಿಂತನೆಯ ತರಬೇತಿ ಕೊಟ್ಟಿದ್ದಾರೆ. ಆ ವರ್ಷ ನಮ್ಮ ಶಿವಮೊಗ್ಗ ಜಿಲ್ಲೆಗೆ ರಾಜ್ಯದಲ್ಲಿ ಮೂರನೇ ಸ್ಥಾನ. ಮಕ್ಕಳಿಗೆ ಶಹಬ್ಬಾಸ್, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಕ್ಯಾಮೆರಾ ಎದುರು ಕೂತು ಮೂರನೇ ಸ್ಥಾನ ತಂದ ಮಕ್ಕಳನ್ನೇ ಜಮಖಾನದ ಮೇಲೆ ಕೂರಿಸಿ ಮೌಲ್ಯ ಬೋಧಿಸುತ್ತಿರುವವರು ಯಾವ ಕ್ಯಾಮೆರಾ ಎದುರೂ ಕೂತವರಲ್ಲ. ಮಂಡಿಯ ತಕ್ಕಡಿ ಮೇಲೆ ಒಂದು, ತಾಲ್ಲೂಕು ಕಚೇರಿಯ ಸರ್ವೆ ಟೇಬಲ್ ಮೇಲೆ ಒಂದು, ಚುನಾವಣೆಯ ಹಿಂದಿನ ರಾತ್ರಿ ಊರ ಬಾಗಿಲಲ್ಲಿ ಒಂದು ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಿ. ಆಗ ದೊಡ್ಡವರ ಪರ್ಸೆಂಟೇಜ್ ಎಷ್ಟೆಂದು ನೋಡೋಣ. ಗ್ರೇಸ್ ಬೇಕಾದರೆ ನಲವತ್ತು ಕೊಡಲಿ.

ಕೊನೆಗೆ ಎಲ್ಲರೂ ಹೋಗುವುದು ಕುಪ್ಪಳಿಗೆ. ಶಿಬಿರದ ಸಮಾರೋಪಕ್ಕೆ ಕುವೆಂಪು ಇಲ್ಲದಿದ್ದರೆ ಹೇಗೆ? ಮದುವೆಗೆ ಮಂತ್ರಮಾಂಗಲ್ಯ ಸಾಕು, ಖರ್ಚು ಬೇಡ, ಆಡಂಬರ ಬೇಡ ಎಂದವರು ಅವರು. ಅವರ ಸಾಲು ಅಚ್ಚಾದ ಮದುವೆ ಕಾಗದ ನನ್ನ ಮನೆಗೂ ಬಂದಿದೆ. ಊಟದ ಎಲೆಯಲ್ಲಿ ಎಷ್ಟು ಬಗೆ ಇತ್ತೆಂದು ಎಣಿಸಲಾಗಲಿಲ್ಲ. ಹುಡುಗಿ ಮನೆಯವರು ವರದಕ್ಷಿಣೆ ಕೊಡಲಿಲ್ಲ, ಪ್ರೀತಿಯಿಂದ ಒಂದು ಕಾರು ಕೊಟ್ಟರು.

ವಿಚಾರಕ್ರಾಂತಿಗೆ ಕರೆ ಕೊಟ್ಟವರ ಮನೆಯಂಗಳದಲ್ಲಿ ನಿಂತು ಗಣ್ಯರು ಫೋಟೋ ತೆಗೆಸಿಕೊಳ್ಳುತ್ತಾರೆ. ಕವಿಶೈಲದ ಬಂಡೆಯ ಮೇಲೆ ಕೂತು ಸೂರ್ಯಾಸ್ತದ ಜೊತೆ ಸೆಲ್ಫಿ. ಕೆಳಗೆ ಇಳಿದು ಕಾರು ಹತ್ತುವಾಗ ತಲೆಯಲ್ಲಿ ಒಂದು ವಿಚಾರವೂ ಇರುವುದಿಲ್ಲ, ಮೊಬೈಲಿನಲ್ಲಿ ನಲವತ್ತು ಫೋಟೋ ಇರುತ್ತವೆ.

2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳ ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದ. ನಾಡು ಬೆಚ್ಚಿಬಿತ್ತು. ಮೌಲ್ಯಗಳ ಅಧಃಪತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಹೇಳಿಕೆಗಳು ಬಂದವು.

ಇಷ್ಟು ವರ್ಷಗಳಲ್ಲಿ ಕುವೆಂಪು ಮನೆಗೆ ಹೋಗಿ ಏನನ್ನಾದರೂ ತೆಗೆದುಕೊಂಡು ಬಂದವನು ಅವನೊಬ್ಬ. ಪೊಲೀಸರು ಅವನನ್ನೇ ಹಿಡಿದರು.