ರಾಣಿಗೆ ಹಲ್ಲುಪುಡಿ, ಆನೆಗೆ ಹುಣಸೆಹಣ್ಣು

ಮೈಸೂರಿನ ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳನ್ನು ಅರಿಯಲು ಆಯುಷ್ಯ ಸವೆಸಿದರು. ಈಗ ಅಷ್ಟು ಕಷ್ಟ ಬೇಕಿಲ್ಲ. ಒಂದು ಹಿಡಿ ಹುಣಸೆಹಣ್ಣು, ಉಜ್ಜಿ ಬಿಸಾಡಿದ ಟೂತ್‌ಬ್ರಷ್ಷು, ಭಾವನ ಮೊಬೈಲಿನಲ್ಲಿ ವಾಟ್ಸಾಪ್ ಇಷ್ಟಿದ್ದರೆ ಮನೆಮಂದಿಯೆಲ್ಲ ಒಂದೇ ಮಧ್ಯಾಹ್ನದಲ್ಲಿ ನಾಣ್ಯತಜ್ಞರಾಗುತ್ತಾರೆ. ಅಜ್ಜಿ ತೀರಿಕೊಂಡು, ತಿಥಿಯೂಟ ಮುಗಿದು, ಟ್ರಂಕಿನ ಬೀಗ ಒಡೆಯುವಷ್ಟು ಪುರುಸೊತ್ತಿದ್ದರೆ ಸಾಕು.

ಟ್ರಂಕಿನಲ್ಲಿದ್ದ ಜಮೀನಿನ ಪತ್ರಗಳು ದೊಡ್ಡ ಮಗನ ಬ್ಯಾಗಿಗೆ ಹೋದದ್ದನ್ನು ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣೂ ಬಟ್ಟೆಯ ಗಂಟಿನ ಮೇಲೆ. ಬಿಚ್ಚಿದರೆ ಕಪ್ಪಗಾದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಒಂದು, ಆನೆಯ ಚಿತ್ರದ ಟಿಪ್ಪು ಕಾಲದ ತಾಮ್ರದ ಕಾಸು ಒಂದು.

‘ಅಯ್ಯೋ, ಎಷ್ಟು ಕೊಳೆ ಹಿಡಿದಿದೆ!’ ಎನ್ನುತ್ತಾರೆ ಚಿಕ್ಕಮ್ಮ. ಆ ಕ್ಷಣದಿಂದ ಎರಡೂ ನಾಣ್ಯಗಳ ಅವಸಾನ ಶುರು. ನಮ್ಮ ಗೃಹವಿಜ್ಞಾನದಲ್ಲಿ ಬೆಳ್ಳಿಗೆ ಹಲ್ಲುಪುಡಿ ಅಥವಾ ವಿಭೂತಿ, ತಾಮ್ರಕ್ಕೆ ಹುಣಸೆಹಣ್ಣು ಮತ್ತು ಉಪ್ಪು. ದೀಪದ ಕಂಬಕ್ಕೂ ಗಂಗಾಳಕ್ಕೂ ಆಗಿಬರುವ ನಿಯಮ ಚರಿತ್ರೆಗೆ ಯಾಕೆ ಆಗಿಬರಬಾರದು? ಹತ್ತು ನಿಮಿಷದಲ್ಲಿ ರಾಣಿ ಮದುವಣಗಿತ್ತಿಯಂತೆ ಹೊಳೆಯುತ್ತಾಳೆ. ಆನೆ ಈಗಷ್ಟೇ ಹುಟ್ಟಿದ ಮರಿಯಂತೆ ಕೆಂಪಗಾಗುತ್ತದೆ. ಮನೆಯವರಿಗೆ ಆನಂದವೋ ಆನಂದ.

ಚಿಕ್ಕಮ್ಮ ಕೊಳೆ ಎಂದದ್ದು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದೊಂದಿಗೆ ಬೆಳ್ಳಿ ನೂರೈವತ್ತು ವರ್ಷ ನಿಧಾನವಾಗಿ ಬೆರೆತು ಮೂಡಿದ ತೆಳುಪದರ ಅದು. ತಾಮ್ರದ ಕಂದು ಬಣ್ಣವೂ ಹಾಗೆಯೇ, ಒಳಗಿನ ಲೋಹವನ್ನು ಕಾಯುವ ಕವಚ. ಬಲ್ಲ ಸಂಗ್ರಾಹಕರು ಹೆಚ್ಚು ದುಡ್ಡು ಕೊಡುವುದೇ ಆ ಬಣ್ಣಕ್ಕೆ. ಹುಣಸೆಯ ಆಮ್ಲ ಅದನ್ನು ತಿಂದುಹಾಕುತ್ತದೆ, ಹಲ್ಲುಪುಡಿಯ ಕಣಗಳು ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರು ಎಳೆಯುತ್ತವೆ. ಟಿಪ್ಪುವಿನ ಕಾಸಿನ ಹಿಂಬದಿಯಲ್ಲಿ ಅದು ಯಾವ ಟಂಕಸಾಲೆಯದೆಂದು ಫಾರ್ಸಿಯಲ್ಲಿ ಬರೆದಿರುತ್ತದೆ. ಶ್ರೀರಂಗಪಟ್ಟಣವೋ, ಬಿದನೂರಿನ ನಗರವೋ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ಮೊದಲೇ ಸವೆದ ಆ ಅಕ್ಷರಗಳನ್ನು ಉಳಿದಷ್ಟೂ ಉಜ್ಜಿದ ಮೇಲೆ ಅದು ಯಾವ ಊರಿನದೂ ಅಲ್ಲ.

ಕೆಲವು ಮನೆಗಳಲ್ಲಿ ಈ ಸಂಹಾರ ಕಂತಿನಲ್ಲಿ ನಡೆಯುತ್ತದೆ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ರೂಪಾಯಿಯನ್ನು ತಿಕ್ಕಿ ತೊಳೆದು ಕಲಶಕ್ಕೆ ಹಾಕುವುದು, ಹಬ್ಬ ಮುಗಿದ ಮೇಲೆ ಅರಿಸಿನ ಕುಂಕುಮ ಹೋಗಲೆಂದು ಮತ್ತೆ ತಿಕ್ಕುವುದು. ಮೂರು ತಲೆಮಾರಿನ ಭಕ್ತಿಗೆ ರಾಣಿಯ ಮೂಗು ನೈವೇದ್ಯವಾಗಿರುತ್ತದೆ. ಆದರೂ ಇವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದು ಲಕ್ಷ್ಮಿ, ಮಾರುವ ಮಾತೇ ಇಲ್ಲ. ಸಿಟ್ಟು ಬರುವುದು ಮಾರಬೇಕೆಂದೇ ತಿಕ್ಕುವವರ ಮೇಲೆ.

ಇನ್ನು ಬೆಲೆ ಕಟ್ಟುವ ಪರ್ವ. ದೊಡ್ಡಪ್ಪನವರ ಲೆಕ್ಕ ಸುಲಭ: ನಾಣ್ಯದ ಮೇಲೆ 1840 ಎಂದಿದೆ, ಎರಡು ಶತಮಾನ ಹತ್ತಿರವಾಯಿತು, ವರ್ಷಕ್ಕೆ ಇಷ್ಟು ಸಾವಿರ ಎಂದರೂ ಕೋಟಿ ದಾಟುತ್ತದೆ. ವಯಸ್ಸಿಗೆ ಹೀಗೆ ಬೆಲೆ ಬರುವುದಾದರೆ ಸ್ವತಃ ದೊಡ್ಡಪ್ಪನವರಿಗೆ ಮನೆಯಲ್ಲಿ ಇನ್ನಷ್ಟು ಮರ್ಯಾದೆ ಸಿಗಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿ 1840 ಎಂಬ ಇಸವಿಯನ್ನೇ ಅಚ್ಚಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ರೂಪಾಯಿ ಹೊಡೆಯಿತು. ಆಮೇಲೆ ಬಂದ 1862ರ ಇಸವಿಯೂ ಹಾಗೆಯೇ ಹತ್ತು ವರ್ಷಕ್ಕೂ ಮೇಲೆ ಓಡಿತು. ಹಾಗಾಗಿ ಇವೆರಡೂ ದಂಡಿಯಾಗಿ ಸಿಗುತ್ತವೆ. ಅದೇ ಆರನೇ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ನೂರು ವರ್ಷದ್ದೂ ಅಲ್ಲ, ಆದರೆ ಅದಕ್ಕಾಗಿ ಸಂಗ್ರಾಹಕರು ಬಾಯಿ ಬಿಡುತ್ತಾರೆ. ಅದರ ನಕಲಿಗಳೂ ಓಡಾಡುತ್ತಿವೆ. 1911ರಲ್ಲಿ ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿದ್ದ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ, ಮರುವರ್ಷ ಸರ್ಕಾರ ಸೊಂಡಿಲು ರಿಪೇರಿ ಮಾಡಿಸಿತು. ಇವತ್ತು ಬೇಡಿಕೆಯಿರುವುದು ಆ ಹಂದಿಯಾನೆಗೇ! ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನರಿಗೆ ಬೇಕು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ ಎಂದರೆ ದೊಡ್ಡಪ್ಪ ಒಪ್ಪುವುದಿಲ್ಲ. ‘ನಿನಗೇನು ಗೊತ್ತು, ಯೂಟ್ಯೂಬಿನಲ್ಲಿ ತೋರಿಸಿದ್ದಾರೆ’ ಎನ್ನುತ್ತಾರೆ.

ಯೂಟ್ಯೂಬಿನಲ್ಲಿ ಎಲ್ಲವನ್ನೂ ತೋರಿಸುತ್ತಾರೆ. ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ, 786 ಸಂಖ್ಯೆಯ ನೋಟಿಗೆ ಇನ್ನೊಂದು ಲಕ್ಷ. ರಾಮ, ಸೀತೆ, ಹನುಮಂತ ಇರುವ, 1818ರ ಇಸವಿ ಹೊತ್ತ ‘ಈಸ್ಟ್ ಇಂಡಿಯಾ ಕಂಪನಿಯ ಆಣೆ’ಗಂತೂ ಕೋಟಿಯ ಕೆಳಗೆ ಮಾತೇ ಇಲ್ಲ. ಮದರಾಸಿನಲ್ಲಿ ಕಂಪನಿ ದೇವರ ಚಿತ್ರದ ವರಹ ಹೊಡೆಸಿದ್ದು ನಿಜ, ವ್ಯಾಪಾರಕ್ಕೆ ಅವರಿಗೆ ಯಾವ ದೇವರಾದರೂ ಆಗುತ್ತಿತ್ತು. ಆದರೆ ಈ ರಾಮದರಬಾರಿನ ಆಣೆಯನ್ನು ಕಂಪನಿ ಹೊಡೆಸಲೇ ಇಲ್ಲ. ಅದು ಕ್ಷೇತ್ರಗಳ ಬೀದಿಯಲ್ಲಿ ಮಾರುವ ಬಿಲ್ಲೆ. ಅಕ್ಕಿಕಾಳನ್ನು ಎಳೆಯುವ ‘ರೈಸ್ ಪುಲ್ಲಿಂಗ್’ ತಾಮ್ರದ ಕಥೆ ನಂಬಿ ಸೈಟು ಮಾರಿದವರ ನಾಡಿನಲ್ಲಿ ಬಿಲ್ಲೆಗೂ ಗಿರಾಕಿ ಸಿಗುತ್ತಾನೆ.

ಗಿರಾಕಿ ಎಂಥವನು ಎನ್ನುತ್ತೀರಿ? ಬಲು ವಿನಯವಂತ. ‘ಸಾರ್, ನಿಮ್ಮ ನಾಣ್ಯಕ್ಕೆ ಎಪ್ಪತ್ತು ಲಕ್ಷ ಫಿಕ್ಸ್ ಆಗಿದೆ. ನೋಂದಣಿಗೆ ಮಾತ್ರ ಸ್ವಲ್ಪ ಹಾಕಿ’ ಎನ್ನುತ್ತಾನೆ. ನೋಂದಣಿ ಆದ ಮೇಲೆ ಜಿಎಸ್‌ಟಿ, ಜಿಎಸ್‌ಟಿ ಆದ ಮೇಲೆ ವಿಮೆ, ವಿಮೆ ಆದ ಮೇಲೆ ರಿಸರ್ವ್ ಬ್ಯಾಂಕಿನ ಮೊಹರು ಹೊತ್ತ ಪತ್ರಕ್ಕೆ ಶುಲ್ಕ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಜಗಳವಾಡುವ ಭಾವ, ಕಾಣದ ಮನುಷ್ಯನಿಗೆ ಕಂತು ಕಂತಾಗಿ ಕಳಿಸುತ್ತಾನೆ. ಹಳೆಯ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕವಾಗಲಿ ಕಮಿಷನ್ನಾಗಲಿ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿತು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇತ್ತ ಕೋಟಿ ಬರುವ ಮೊದಲೇ ಪಾಲಿನ ಪಂಚಾಯ್ತಿ. ಒಂದು ರೂಪಾಯಿ, ಐದು ಮಕ್ಕಳು. ಹಳೇ ಲೆಕ್ಕದಲ್ಲಿ ತಲಾ ಮೂರು ಆಣೆ ಎರಡು ಪೈ ಮತ್ತು ಚಿಲ್ಲರೆ ಬರುತ್ತದೆ. ಇಷ್ಟಕ್ಕೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಅಮೆರಿಕದಲ್ಲಿರುವ ಮೊಮ್ಮಗ ‘ಇಲ್ಲಿಗೆ ತನ್ನಿ, ಈಬೇಯಲ್ಲಿ ಡಾಲರಿಗೆ ಮಾರೋಣ’ ಎನ್ನುತ್ತಾನೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಪ್ರಾಚ್ಯವಸ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದರೆ ಅಪರಾಧ. ಮನೆಯಲ್ಲಿ ಅಮೆರಿಕಕ್ಕೆ ಹೋಗಲಾಗದೆ ಉಳಿದದ್ದು ಅದೊಂದೇ.

ಕೊನೆಗೆ ಚಿಕ್ಕಪೇಟೆಯ ಕಟ್ಟೆ ಹತ್ತಲೇಬೇಕು. ವ್ಯಾಪಾರಿ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕಣ್ಣಿಗಿಟ್ಟು ನಾಣ್ಯವನ್ನು ಬೆಳಕಿಗೆ ಓರೆ ಮಾಡುತ್ತಾನೆ. ‘ತಿಕ್ಕಿದ್ದೀರಾ?’ ಎನ್ನುತ್ತಾನೆ. ಇಡೀ ಕುಟುಂಬ ಒಕ್ಕೊರಲಿನಿಂದ, ಹೆಮ್ಮೆಯಿಂದ, ಹೌದು ಎನ್ನುತ್ತದೆ. ಆತ ಭೂತಗನ್ನಡಿ ಇಳಿಸಿ ತಕ್ಕಡಿ ಎತ್ತಿಕೊಳ್ಳುತ್ತಾನೆ. ತೂಕ 11.66 ಗ್ರಾಂ, ನೂರಕ್ಕೆ 91.7 ಪಾಲು ಬೆಳ್ಳಿ, ಸವಕಳಿ ಕಳೆಯದಿದ್ದರೆ ಹತ್ತೂಮುಕ್ಕಾಲು ಗ್ರಾಂ ಹತ್ತಿರ. ಅಂದಿನ ಬೆಳ್ಳಿ ದರದಿಂದ ಗುಣಿಸಿ, ಅಷ್ಟೇ. ಸರಕ್ಕೆ ಪೋಣಿಸಲು ಕೊಂಡಿ ಬೆಸೆಸಿದ್ದರೆ ತಕ್ಕಡಿಗೂ ಮುಂಚೆ ಒಂದು ನಿಟ್ಟುಸಿರು ಸೇರಿರುತ್ತದೆ.

ನಿಮ್ಮ ಮನೆಯ ಟ್ರಂಕು ಇನ್ನೂ ತೆರೆಯದಿದ್ದರೆ ಕೇಳಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ, ಒರೆಸಬೇಡಿ. ತಾಮ್ರದ ಮೇಲೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಬಲ್ಲವರಿಗೆ ಬೇಗ ತೋರಿಸಿ, ಅದು ಲೋಹವನ್ನು ತಿನ್ನುವ ರೋಗ. ಮೆದು ಪಿವಿಸಿ ಪ್ಲಾಸ್ಟಿಕ್ಕಿಗೆ ಹಾಕಬೇಡಿ. ಅಜ್ಜಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮಾರುವುದಿದ್ದರೆ ಹರಾಜಿನಲ್ಲಿ ಅಂಥದ್ದು ನಿಜವಾಗಿ ಎಷ್ಟಕ್ಕೆ ಹೋಯಿತೆಂದು ನೋಡಿ. ಕೊಳ್ಳುವವನೇ ನಿಮ್ಮಿಂದ ಮುಂಗಡ ಕೇಳಿದರೆ ಫೋನ್ ಇಡಿ. ದುಡ್ಡು ಆಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930 ಒತ್ತಿ. ಇದು ನಾಣ್ಯದ ಇಸವಿಯಲ್ಲ, ಸೈಬರ್ ವಂಚನೆಯ ಸಹಾಯವಾಣಿ.